ದಾವಣಗೆರೆಯಲ್ಲಿ ಕೊನೆ ಮಹಡಿ ಮನೆ, ಬೇಸಿಗೆಗೆ ಯಾವ ಫ್ಯಾನ್ ತಗೊಳ್ಳಲಿ?

ಹೈಸ್ಪೀಡ್ ಫ್ಯಾನೋ, ಕಡಿಮೆ ಕರೆಂಟ್ ತಿನ್ನುವ ಮೋಟರಿನ ಬಿಎಲ್‌ಡಿಸಿ ಫ್ಯಾನೋ, ನೆಲದ ಮೇಲೆ ಕಂಬದ ಹಾಗೆ ನಿಲ್ಲುವ ಟವರ್ ಫ್ಯಾನೋ ಅಂತ ಕೇಳಿದ್ದೀರಿ. ಬಾಡಿಗೆ ಮನೆ, ಮೇಲೆ ಬರೀ ತಾರಸಿ, ಕೈಯಲ್ಲಿ ನಾಲ್ಕು ಸಾವಿರ. ಓದುತ್ತಿದ್ದಂತೆ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಿಟ್ಟುವಳ್ಳಿಯಲ್ಲಿದ್ದಾಗ ನಾನೂ ಇದೇ ಮೂರು ಹೆಸರು ಹಿಡಿದುಕೊಂಡು ಮಂಡಿಪೇಟೆ, ಅಶೋಕ ರಸ್ತೆ ಎಲ್ಲಾ ಸುತ್ತಿದ್ದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರಲ್ಲ, ನಮ್ಮೂರಲ್ಲಿ ಅದು ಹೇಳದೇ ಕೇಳದೇ ಅದಕ್ಕೂ ಮೊದಲೇ ಹೋಗಿರುತ್ತದೆ. ಏಪ್ರಿಲ್ ಬಂದರೆ ಮಧ್ಯಾಹ್ನ 38 ಡಿಗ್ರಿ, ಕೆಲವು ದಿನ 40ರ ಹತ್ತಿರ. ಆದರೆ ಮಧ್ಯಾಹ್ನದ ಚಿಂತೆ ನನಗಿರಲಿಲ್ಲ, ಆಗ ಕೆಲಸದಲ್ಲಿರುತ್ತಿದ್ದೆ. ನನ್ನನ್ನು ಕಾಡಿದ್ದು ರಾತ್ರಿ. ಊಟ ಮುಗಿಸಿ ರಸ್ತೆಯಲ್ಲಿ ನಿಂತರೆ ಹಾಯಾಗಿ ಗಾಳಿ ಬೀಸುತ್ತಿರುತ್ತದೆ, ಮೆಟ್ಟಿಲು ಹತ್ತಿ ಮಲಗುವ ಕೋಣೆಗೆ ಬಂದರೆ ಮುಖಕ್ಕೆ ಝಳ ಹೊಡೆಯುತ್ತದೆ. ನಿಮಗೂ ಹೀಗೇ ಆಗುತ್ತಿದೆ ಅಲ್ವಾ?

ಮನೆಯಲ್ಲಿ ಮಾಲೀಕರ ಹಳೇ ಫ್ಯಾನ್ ಇತ್ತು. ಅದು ನಿಧಾನ ಅನ್ನಿಸಿ ಹೊಸದು ತಂದೆ. ಡಬ್ಬದ ಮೇಲೆ ದೊಡ್ಡದಾಗಿ 400 ಆರ್‌ಪಿಎಂ, ಅಂದರೆ ನಿಮಿಷಕ್ಕೆ 400 ಸುತ್ತು, ಅಂತ ಹಾಕಿದ್ದರು, ನಾನು ನೋಡಿದ್ದು ಅದೊಂದೇ. ಅದೇನೋ ಸಣ್ಣ ತಪ್ಪು. ಜೇಬಿಗೆ ಕತ್ತರಿ ಹಾಕಿದ್ದು ಅದನ್ನು ನೇತುಹಾಕುವಾಗ ಮಾಡಿದ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಷ್ಟೋ ಜನರ ಮನೆಯಲ್ಲಿ ಇದನ್ನೇ ನೋಡಿದ್ದೇನೆ.

ಆ ಮನೆಯ ತಾರಸಿ ಎತ್ತರ ಒಂಬತ್ತೂವರೆ ಅಡಿ. ಫ್ಯಾನ್ ಜೊತೆ ಬರುವ ರಾಡ್ ಸುಮಾರು ಒಂದು ಅಡಿಯದು. ಮಗಳು ಆಗ ಚಿಕ್ಕವಳು, ಮಂಚದ ಮೇಲೆ ನಿಂತು ಅವಳನ್ನು ಎತ್ತಿ ಆಡಿಸುವುದು ನನ್ನ ದಿನಾ ಸಂಜೆಯ ಕೆಲಸ. ರೆಕ್ಕೆ ಎಲ್ಲಿ ತಾಗುತ್ತದೋ ಅಂತ ಭಯ. ಎಲೆಕ್ಟ್ರಿಷಿಯನ್‌ಗೆ ರಾಡ್ ಕತ್ತರಿಸಿ ನಾಲ್ಕು ಇಂಚಿಗೆ ಇಳಿಸಿ ಅಂದೆ. ಅವರು ಬೇಡ ಸಾರ್ ಅಂದರು. ನಾನು ಹಟ ಮಾಡಿದೆ. ಕತ್ತರಿಸಿ, ಹೊಸದಾಗಿ ತೂತು ಕೊರೆದು, ಫ್ಯಾನನ್ನು ತಾರಸಿಗೆ ಅಂಟಿಸಿದ ಹಾಗೆ ಹಾಕಿಕೊಟ್ಟರು. ರೆಕ್ಕೆಗೂ ತಾರಸಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ನೋಡೋಕೆ ಮಾತ್ರ ಬಹಳ ಚೆಂದ ಕಂಡಿತು, ಬಂದವರೂ ಹೊಗಳಿದರು.

ಸ್ವಿಚ್ ಹಾಕಿದರೆ ಫ್ಯಾನ್ ಭರ್ರೆಂದು ತಿರುಗಿತು. ಶಬ್ದ ಜೋರು. ಗೋಡೆಯ ಕ್ಯಾಲೆಂಡರ್ ಹಾಳೆ ಪಟಪಟ ಅಂತಿತ್ತು. ಮಂಚದ ಮೇಲೆ ಮಲಗಿದವರಿಗೆ ಮಾತ್ರ ಗಾಳಿ ಇಲ್ಲ. ಫ್ಯಾನೇ ಸರಿ ಇಲ್ಲ ಅಂದುಕೊಂಡು ಕೆಪಾಸಿಟರ್ ಬದಲಾಯಿಸಿದೆ. ಆಮೇಲೆ ರೆಗ್ಯುಲೇಟರ್. ಅದೂ ಆಗಲಿಲ್ಲ ಅಂತ ಆ ಫ್ಯಾನನ್ನು ಊರಲ್ಲಿರುವ ಅಮ್ಮನ ಮನೆಗೆ ಸಾಗಿಸಿ ಇನ್ನೂ ದೊಡ್ಡದು, ರೆಕ್ಕೆಯ ಹರವು 1400 ಮಿಲಿಮೀಟರ್ ಇರುವುದನ್ನು ತಂದೆ. ಅದನ್ನೂ ಅದೇ ಮೊಂಡು ರಾಡಿಗೇ ಹಾಕಿಸಿದೆ. ಇದನ್ನು ಬರೆಯುವಾಗಲೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಊರಲ್ಲಿ ಅಮ್ಮ ಮೊದಲ ಫ್ಯಾನನ್ನು ಪೂರ್ತಿ ರಾಡ್ ಹಾಕಿಸಿ ಕೂರಿಸಿಕೊಂಡು, ಏನ್ ಗಾಳಿ ಬರ್ತೈತೋ ಅಂತ ಫೋನ್ ಮಾಡಿದರೂ ನನ್ನ ತಲೆಗೆ ಹೊಳೆಯಲಿಲ್ಲ.

ಕೊನೆಗೆ ಹೇಳಿದ್ದು ಕೆಳಗಿನ ಮನೆಯ ಅಜ್ಜ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಇಲ್ಲಿಯ ಹತ್ತಿ ಗಿರಣಿಯೊಂದರಲ್ಲಿ ಮೋಟರ್ ನೋಡಿಕೊಳ್ಳುತ್ತಿದ್ದವರು. ಮೇಲೆ ನೋಡಿ, "ಗ್ವಾಡಿಗೆ ಮೂಗು ಒತ್ಕಂಡು ಉಸ್ರಾಡು ಅಂದ್ರೆ ಹೆಂಗಪ್ಪಾ?" ಅಂದರು. ದೇವರ ಮುಂದಿನ ಊದುಬತ್ತಿ ತರಿಸಿ ನನ್ನನ್ನು ಸ್ಟೂಲ್ ಹತ್ತಿಸಿ, ರೆಕ್ಕೆಯ ತುದಿಯಿಂದ ಸಾಕಷ್ಟು ದೂರದಲ್ಲಿ ತಾರಸಿ ಹತ್ತಿರ ಹಿಡಿಸಿದರು. ಹೊಗೆ ಕೆಳಗೆ ಇಳಿಯಲೇ ಇಲ್ಲ, ಅಲ್ಲಲ್ಲೇ ಸುತ್ತುತ್ತಿತ್ತು.

ವಿಷಯ ಇಷ್ಟೇ. ಸೀಲಿಂಗ್ ಫ್ಯಾನ್ ರೆಕ್ಕೆಯ ಮೇಲಿನ ಗಾಳಿಯನ್ನು ಎಳೆದು ಕೆಳಗೆ ತಳ್ಳುತ್ತದೆ. ಮೇಲೆ ಜಾಗ ಇಲ್ಲದಿದ್ದರೆ ಎಳೆಯೋದು ಏನನ್ನು? ರೆಕ್ಕೆಗೂ ತಾರಸಿಗೂ ಕಡಿಮೆ ಅಂದರೂ ಒಂದು ಅಡಿ ಇರಬೇಕು, ನೆಲದಿಂದ ರೆಕ್ಕೆಗೆ ಎಂಟು ಅಡಿಯ ಆಸುಪಾಸು. ಅದೂ ಅಲ್ಲದೆ ಕೊನೆ ಮಹಡಿಯಲ್ಲಿ ತಾರಸಿಗೆ ತಾಗಿಕೊಂಡ ಗಾಳಿಯೇ ಮನೆಯಲ್ಲಿ ಅತಿ ಬಿಸಿ. ನನ್ನ ಫ್ಯಾನ್ ಅದರಲ್ಲೇ ಮುಳುಗಿಕೊಂಡು ಅದನ್ನೇ ಕಲಕುತ್ತಿತ್ತು. ಕೆಲವೇ ನೂರು ರೂಪಾಯಿ ಕೊಟ್ಟು ಒಂದು ಅಡಿಯ ಹೊಸ ರಾಡ್ ಹಾಕಿಸಿದ ರಾತ್ರಿಯೇ ಮೈಗೆ ಗಾಳಿ ಬಂತು. ಮಗಳನ್ನು ಎತ್ತಿ ಆಡಿಸುವುದನ್ನು ಫ್ಯಾನ್ ಇಲ್ಲದ ಪಡಸಾಲೆ ಮೂಲೆಗೆ ವರ್ಗಾಯಿಸಿದೆವು. ಇನ್ನೊಂದು ಮಾತು, ಕತ್ತರಿಸಿ ತೂತು ಕೊರೆದ ರಾಡನ್ನಾಗಲಿ, ವೆಲ್ಡಿಂಗ್ ಮಾಡಿದ ರಾಡನ್ನಾಗಲಿ ದಯವಿಟ್ಟು ಬಳಸಬೇಡಿ. ಇಡೀ ಫ್ಯಾನ್ ನಿಂತಿರುವುದು ಒಂದು ಬೋಲ್ಟ್ ಮತ್ತು ಒಂದು ಪಿನ್ ಮೇಲೆ, ಕೆಳಗೆ ಮಲಗುವವರು ನೀವು.

ಈಗ ನಿಮ್ಮ ಪ್ರಶ್ನೆಗೆ. ನನ್ನ ಪ್ರಕಾರ ಪ್ರಶ್ನೆಯೇ ತಲೆಕೆಳಗಾಗಿದೆ. ಯಾವ ಫ್ಯಾನ್ ಅನ್ನುವುದು ಆಮೇಲಿನ ಮಾತು, ಯಾಕೆಂದರೆ ಫ್ಯಾನ್ ಕೋಣೆಯನ್ನು ತಂಪು ಮಾಡುವುದೇ ಇಲ್ಲ. ಬಾಗಿಲು ಮುಚ್ಚಿ ಖಾಲಿ ಕೋಣೆಯಲ್ಲಿ ಫ್ಯಾನ್ ಹಾಕಿಟ್ಟರೆ ಮೋಟರಿನ ಬಿಸಿ ಸೇರಿ ಉಷ್ಣತೆ ಕೂದಲೆಳೆಯಷ್ಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಫ್ಯಾನ್ ತಂಪು ಮಾಡುವುದು ನಮ್ಮನ್ನು, ಮೈ ಬೆವರು ಆರಿಸುವ ಮೂಲಕ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾದಷ್ಟೂ ಫ್ಯಾನಿನ ಉಪಕಾರ ಕಡಿಮೆ. 40 ದಾಟಿದರೆ ಫ್ಯಾನ್ ಮೈಯನ್ನು ಇನ್ನೂ ಬಿಸಿ ಮಾಡುತ್ತದೆ, ಅಂಥ ಹೊತ್ತಲ್ಲಿ ಅದನ್ನು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಂದರೆ ಒಳಗಿನ ಗಾಳಿ ಬಿಸಿ ಇರುವವರೆಗೆ ಎರಡು ಸಾವಿರದ ಫ್ಯಾನೂ ಬಿಸಿ ಗಾಳಿ ಕೊಡುತ್ತದೆ, ಎಂಟು ಸಾವಿರದ್ದೂ ಅದನ್ನೇ ಕೊಡುತ್ತದೆ.

ನಿಮ್ಮ ಶತ್ರು ತಾರಸಿ. ಹಗಲೆಲ್ಲಾ ಬಿಸಿಲು ಕುಡಿದು ಸಂಜೆಯಿಂದ ಮಧ್ಯರಾತ್ರಿವರೆಗೆ ಅದನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ನಾಲ್ಕು ಸಾವಿರದಲ್ಲಿ ಮೊದಲು ಒಂದಿಷ್ಟನ್ನು ಅಲ್ಲಿ ಖರ್ಚು ಮಾಡಿ. ಮಾಲೀಕರನ್ನು ಕೇಳಿ ತಾರಸಿ ಗುಡಿಸಿ ತೊಳೆದು, ಬಿಳಿ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸಿ ಎರಡು ಸಲ ಬಳಿಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತದೆ, ತಾರಸಿ ಅಷ್ಟು ಕಾಯುವುದಿಲ್ಲ. ಮುಂಗಾರಿಗೆ ತೊಳೆದು ಹೋದರೆ ಹೋಗಲಿ, ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಬಾಡಿಗೆ ಮನೆಗೆ ನಾನ್ಯಾಕೆ ಖರ್ಚು ಮಾಡಲಿ ಅಂತೀರಾ? ನಿದ್ದೆ ಕೆಡುತ್ತಿರುವುದು ನಿಮ್ಮದು, ಮಾಲೀಕರದ್ದಲ್ಲ. ಸಂಜೆ ತಾರಸಿಗೆ ಕೊಡ ಕೊಡ ನೀರು ಸುರಿಯುವವರೂ ಇದ್ದಾರೆ. ನಲ್ಲಿ ನೀರು ಯಾವಾಗ ಬರುತ್ತದೋ ಅಂತ ಕಾಯುವ ನಮಗೆ ಅದು ಸಲ್ಲದ ಕೆಲಸ, ಹಳೇ ತಾರಸಿಯಾದರೆ ಸೋರುವುದಕ್ಕೂ ದಾರಿ.

ಎರಡನೆಯದು ಕಿಟಕಿ. ಹಗಲು ಹೊರಗೆ ಬಿಸಿ ಇರುವಾಗ ಮುಚ್ಚಿ ಪರದೆ ಎಳೆಯಿರಿ. ರಾತ್ರಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ಎದುರುಬದುರು ಕಿಟಕಿ ತೆಗೆದು, ಮನೆಯಲ್ಲಿ ಹಳೇ ಟೇಬಲ್ ಫ್ಯಾನ್ ಇದ್ದರೆ ಒಂದು ಕಿಟಕಿಯ ಹತ್ತಿರ ಮುಖ ಹೊರಗೆ ಮಾಡಿ ಇಡಿ. ಹೌದು, ಹೊರಗೆ. ಒಳಗಿನ ಬಿಸಿ ಗಾಳಿಯನ್ನು ಅದು ಆಚೆ ದಬ್ಬುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ಗಾಳಿ ತಾನೇ ಬರುತ್ತದೆ. ನಮ್ಮ ಮನೆಯವಳು ಮೊದಲ ದಿನ ನನ್ನನ್ನು ಹುಚ್ಚ ಅನ್ನುವ ಹಾಗೆ ನೋಡಿದ್ದಳು. ಆಮೇಲೆ ಅವಳೇ ಇಡತೊಡಗಿದಳು. ಸೊಳ್ಳೆ ಬರುತ್ತವೆ ಅಂತೀರಿ, ಗೊತ್ತು, ಭದ್ರಾ ನಾಲೆ, ಸುತ್ತ ಭತ್ತದ ಗದ್ದೆ ಇರುವ ಊರು ಇದು. ಅದಕ್ಕೆ ಕಿಟಕಿಗೆ ಜಾಲರಿ ಹಾಕಿಸಿ, ಮಂಚಕ್ಕೆ ಪರದೆ ಕಟ್ಟಬೇಡಿ. ಪರದೆ ಕಟ್ಟಿದರೆ ಮೇಲಿನ ಫ್ಯಾನಿನ ಗಾಳಿಯಲ್ಲಿ ಬಹುಪಾಲು ಪರದೆ ಮೇಲೇ ನಿಲ್ಲುತ್ತದೆ. ಜಾಲರಿಯ ಧೂಳನ್ನು ಆಗಾಗ ಬ್ರಷ್‌ನಿಂದ ತೆಗೆಯುತ್ತಿರಿ.

ಇಷ್ಟಾದ ಮೇಲೆ ಫ್ಯಾನ್. ಬಿಎಲ್‌ಡಿಸಿ ತಗೊಳ್ಳಿ. ಮೂರು ಸಾವಿರದ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಆರ್‌ಪಿಎಂ ನೋಡಬೇಡಿ. ರೆಕ್ಕೆಯ ಓರೆ ಕಡಿಮೆ ಮಾಡಿದರೆ ಯಾವ ಫ್ಯಾನಾದರೂ ಜೋರಾಗಿ ತಿರುಗುತ್ತದೆ, ಗಾಳಿ ಜಾಸ್ತಿ ಬರಬೇಕು ಅಂತೇನಿಲ್ಲ. ಡಬ್ಬದ ಮೇಲೆ ಸಿಎಂಎಂ ಅಂತ ಇರುತ್ತದೆ, ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ತಳ್ಳುತ್ತದೆ ಅಂತ. 1200 ಮಿಲಿಮೀಟರ್ ಫ್ಯಾನಿಗೆ ಅದು 210ಕ್ಕಿಂತ ಮೇಲಿರಲಿ, ವ್ಯಾಟ್ 35ರೊಳಗಿರಲಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ, ಲೇಬಲ್ ಇಲ್ಲದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.

ಹಳೇ ಥರದ ಫ್ಯಾನ್ 75 ವ್ಯಾಟ್ ತಿಂದರೆ ಇದು 30 ತಿನ್ನುತ್ತದೆ. ದಿನಕ್ಕೆ 15 ಗಂಟೆ ಹಾಕಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಗೃಹಜ್ಯೋತಿ ಇದೆಯಲ್ಲ, ಉಳಿಸಿ ಏನು ಮಾಡಲಿ ಅನ್ನಬೇಡಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು, ಆ ಗೆರೆ ದಾಟಿಸುವುದು ಏಪ್ರಿಲ್, ಮೇ ತಿಂಗಳುಗಳೇ. ಇನ್ನೊಂದು ಲಾಭ ವೋಲ್ಟೇಜಿನದು. ಸಂಜೆ ಎಲ್ಲರ ಮನೆಯಲ್ಲೂ ಎಲ್ಲಾ ಉರಿಯುವಾಗ ವೋಲ್ಟೇಜ್ ಬಿದ್ದರೆ ಮಾಮೂಲಿ ಫ್ಯಾನ್ ತೂಕಡಿಸುತ್ತದೆ, ಬಿಎಲ್‌ಡಿಸಿ ತನ್ನ ವೇಗ ಬಿಡುವುದಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೂ ಎರಡರಷ್ಟು ಹೊತ್ತು ಓಡುತ್ತದೆ. ಆದರೆ ಹಳೇ ರೆಗ್ಯುಲೇಟರ್ ಮೂಲಕ ಇದಕ್ಕೆ ಕರೆಂಟ್ ಕೊಡಬೇಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ನೇರ ಸ್ವಿಚ್‌ಗೆ ಕೊಡಿಸಿ. ಇಲ್ಲದಿದ್ದರೆ ಒಳಗಿನ ಸರ್ಕ್ಯೂಟ್ ಹಾಳಾಗುತ್ತದೆ. ರಿಮೋಟ್ ಹುಡುಕುವುದು ಇದರ ದೊಡ್ಡ ಕಾಟ, ನಮ್ಮನೆಯದು ಒಮ್ಮೆ ಮಂಡಕ್ಕಿ ಡಬ್ಬದಲ್ಲಿ ಸಿಕ್ಕಿತ್ತು.

ಟವರ್ ಫ್ಯಾನ್ ಬೇಡ. ಜಾಗ ಕಡಿಮೆ ಹಿಡಿಯುತ್ತದೆ, ನಿಜ, ಆದರೆ ಒಬ್ಬರ ಮೈಗೆ ಪಟ್ಟಿ ಎಳೆದ ಹಾಗೆ ಗಾಳಿ ಬಿಡುತ್ತದೆ. ಐಸ್ ಇಡುವ ಪುಟ್ಟ ಕೂಲರ್‌ಗಳ ಜಾಹೀರಾತು ನೋಡಿ ಮರುಳಾಗಬೇಡಿ. ಒಂದು ಕೆಜಿ ಐಸ್ ಕರಗುವಾಗ ಹೀರುವ ಶಾಖ, ಸುಮ್ನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು ಒಂದು ಗಂಟೆಯಲ್ಲಿ ಹೊರಗೆ ಬಿಡುವಷ್ಟು ಮಾತ್ರ. ಆ ಐಸ್ ಮಾಡಲು ನಿಮ್ಮದೇ ಫ್ರಿಜ್ ಅಡಿಗೆಮನೆಗೆ ಬಿಸಿ ಉಗುಳಿರುತ್ತದೆ.

ದೊಡ್ಡ ಕೂಲರ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಚಿತ್ರದುರ್ಗದಲ್ಲಿ ನನ್ನ ಭಾವನ ಮನೆಯಲ್ಲಿ ಇದೆ, ಅಲ್ಲಿಯ ಒಣ ಹವೆಗೆ ಮಾರ್ಚ್, ಏಪ್ರಿಲ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕಿಟಕಿ ತೆರೆದಿಟ್ಟರೆ ಮಾತ್ರ. ಎಸಿ ಅಂದುಕೊಂಡು ಬಾಗಿಲು ಮುಚ್ಚಿದರೆ ಕೋಣೆಯೆಲ್ಲಾ ತೇವ. ಭರಣಿ, ಕೃತ್ತಿಕೆ ಮಳೆ ಬಿದ್ದ ಮೇಲೆ ಅಂಟಂಟು. ಬೋರ್‌ವೆಲ್ ಗಡಸು ನೀರಿಗೆ ಪ್ಯಾಡ್ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದನ್ನು ತಿಕ್ಕಿ ತಿಕ್ಕಿ ಭಾವನಿಗೆ ಸಾಕಾಗಿದೆ.

ಮಾಲೀಕರ ಹಳೇ ಫ್ಯಾನ್ ಇದ್ದರೆ ಬಿಚ್ಚಿ ಜೋಪಾನವಾಗಿ ಎತ್ತಿಡಿ, ಮನೆ ಬಿಡುವಾಗ ಅದನ್ನು ಹಾಕಿ ನಿಮ್ಮದನ್ನು ಒಯ್ಯಬಹುದು. ದುಡ್ಡು ಕೊಡುವ ಮೊದಲು ಒಂದು ಟೇಪ್ ತಗೊಂಡು ತಾರಸಿ ಎಷ್ಟು ಎತ್ತರ, ಈಗಿನ ಫ್ಯಾನಿನ ರೆಕ್ಕೆ ತಾರಸಿಯಿಂದ ಎಷ್ಟು ಕೆಳಗಿದೆ, ಕೋಣೆ ಎಷ್ಟಕ್ಕೆ ಎಷ್ಟು ಅಂತ ಅಳೆದು ಇಲ್ಲೇ ಬರೆಯಿರಿ. ಹನ್ನೆರಡಕ್ಕೆ ಹನ್ನೆರಡು ಅಡಿಯವರೆಗೆ 1200 ಸಾಕು. ಅದಕ್ಕಿಂತ ದೊಡ್ಡದಿದ್ದರೆ 1400 ಬೇಕಾ, ಎರಡು ಚಿಕ್ಕವು ಬೇಕಾ ಅಂತ ಆಗ ನೋಡೋಣ.