ಬಾಸಾ ನೋವಾಗೆ ಮೊದಲು ಜಾಝ್ ಕಲಿಯಬೇಕಾ?

ಬಾಸಾ ನೋವಾ ಅಂದರೆ ಬ್ರೆಜಿಲ್‌ನ ಸಾಂಬಾ ಕುಣಿತದ ಸಂಗೀತದಿಂದ ಹುಟ್ಟಿದ ಮೆದು ಶೈಲಿ. ಅದರ ಹೆಸರಾಂತ ಸಂಯೋಜಕ ಜೊಬಿಮ್ ಜಾಝ್‌ನವರಲ್ವಾ, ಹಾಗಾದರೆ ಮೊದಲು ಜಾಝ್ ಗಿಟಾರ್ ಕಲಿತುಬಿಡಲಾ ಅಂತ ಕೇಳಿದ್ದೀರಿ. ಹಾಗೇ ಅಂದುಕೊಂಡು ಎರಡು ವರ್ಷ ಕಳೆದವನು ನಾನು.

ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ದಪ್ಪ ಪುಸ್ತಕ ತಂದು ಬಾಯಿಪಾಠ ಮಾಡಿದೆ. ಕೊನೆಗೆ ಗೆಳೆಯನ ಆರತಕ್ಷತೆಯಲ್ಲಿ ಜೊಬಿಮ್‌ರ ಇಪಾನೆಮಾ ಹುಡುಗಿಯ ಹಾಡು ನುಡಿಸಿದೆ. ಚಪ್ಪಾಳೆಯೂ ಬಿತ್ತು. ಊಟಕ್ಕೆ ಕೂತಾಗ ಅತಿಥಿಯಾಗಿ ಬಂದಿದ್ದ ಬ್ರೆಜಿಲ್‌ನವರೊಬ್ಬರು ಮೇಜಿನ ಮೇಲೆ ಬೆರಳು ಬಡಿದು ನಗುತ್ತಾ ಕೇಳಿದರು: "ಸಾಂಬಾ ಎಲ್ಲಿ?"

ಕಾರ್ಡ್‌ಗಳು ಸರಿಯಿದ್ದವು. ಕೆಟ್ಟಿದ್ದು ಹೆಬ್ಬೆರಳು. ಜಾಝ್ ಅಭ್ಯಾಸದಿಂದ ಬಾಸ್ ಸ್ವರಗಳನ್ನು ಮೆಟ್ಟಿಲು ಹತ್ತಿ ಇಳಿದಂತೆ ಓಡಾಡಿಸುತ್ತಿದ್ದೆ. ಮೇಲಿಂದ ಸ್ವಿಂಗ್ ಬೇರೆ. ಅಂದರೆ ಒಂದು ಬಡಿತವನ್ನು ಎರಡು ಮಾಡುವಾಗ ಮೊದಲನೆಯದನ್ನು ಎಳೆದು ಎರಡನೆಯದನ್ನು ಗಿಡ್ಡ ಮಾಡುವುದು. ಬಾಸಾ ನೋವಾದಲ್ಲಿ ಎರಡೂ ಸಮ. ಹೆಬ್ಬೆರಳು ಅಂದರೆ ಸಾಂಬಾದ ಸುರ್ದೊ ಡೋಲು: ಧಂ, ಧಂ, ಅಷ್ಟೇ. ಉಳಿದ ಬೆರಳುಗಳು ತಂಬೊರಿಂ ಅನ್ನುವ ಪುಟ್ಟ ವಾದ್ಯದಂತೆ ಆ ಧಂಗಳ ಸಂದಿಯಲ್ಲಿ ನುಗ್ಗಬೇಕು. 1958ರಲ್ಲಿ ಜೊಬಿಮ್‌ರ 'ಶೆಗಾ ಜಿ ಸೌದಾಜಿ' ಹಾಡುವಾಗ ಗಾಯಕ, ಗಿಟಾರ್ ವಾದಕ ಜೊವಾಂವ್ ಜಿಲ್ಬೆರ್ತೊ ಮಾಡಿದ್ದು ಇದೇ, ಇಡೀ ಮೇಳವನ್ನು ಒಂದು ಗಿಟಾರಿಗೆ ಇಳಿಸಿದ್ದು. ಆ ಸ್ವಿಂಗ್ ಎಳೆತ ಬೆರಳಿನಿಂದ ಬಿಟ್ಟುಹೋಗಲು ನನಗೆ ಮತ್ತೆ ಎಂಟು ತಿಂಗಳು ಬೇಕಾಯಿತು.

ಇನ್ನು, ಜೊಬಿಮ್ ಜಾಝ್‌ನವರು ಅನ್ನೋದನ್ನು ನಾನು ಒಪ್ಪುವುದಿಲ್ಲ. 1927ರಲ್ಲಿ ರಿಯೊದಲ್ಲಿ ಹುಟ್ಟಿ ಅಲ್ಲಿನ ಇಪಾನೆಮಾ ಬಡಾವಣೆಯಲ್ಲಿ ಬೆಳೆದವರು. ತಂಗಿಗೆಂದು ತಂದ ಪಿಯಾನೊಗೆ ಅಂಟಿಕೊಂಡರು. ಪಾಠ ಹೇಳಿದ್ದು ಜರ್ಮನಿಯಿಂದ ಬಂದ ಕೊಯೆಲ್‌ರಾಯ್ಟರ್. ತಲೆಗೆ ಹತ್ತಿದ್ದು ಶಾಸ್ತ್ರೀಯ ಸಂಯೋಜಕರು: ಯುರೋಪಿನ ದೆಬುಸಿ, ಶೋಪಾನ್, ತಮ್ಮದೇ ನೆಲದ ವಿಲ್ಲಾ-ಲೊಬೊಸ್. ನಂಬಿಕೆ ಬರದಿದ್ದರೆ ಅವರ 'ಇನ್ಸೆನ್ಸಾತೆಸ್' ಕೇಳಿ, ಹಿಂದೆಯೇ ಶೋಪಾನ್‌ರ ಇ ಮೈನರ್ ಪ್ರಿಲ್ಯೂಡ್ ಅನ್ನುವ ಪುಟ್ಟ ಪಿಯಾನೊ ಕೃತಿ ಕೇಳಿ. ಮೇಲಿನ ರಾಗ ಹೆಚ್ಚು ಅಲುಗುವುದಿಲ್ಲ, ಕೆಳಗಿನ ಕಾರ್ಡ್‌ಗಳು ಅರ್ಧರ್ಧ ಸ್ವರ ಜಾರುತ್ತಾ ಹೋಗುತ್ತವೆ. ನಾನು ಜಾಝ್ ಅಂದುಕೊಂಡಿದ್ದ ಕಾರ್ಡ್‌ಗಳು ಇವೇ!

ಜಾಝ್ ಅವರ ಕಿವಿಗೆ ಬಿದ್ದೇ ಇರಲಿಲ್ಲ ಅಂತಲ್ಲ. ಆದರೆ 1962ರಲ್ಲಿ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್‌ನಂಥ ಅಮೆರಿಕದ ಜಾಝ್‌ನವರು ಈ ಹಾಡುಗಳನ್ನು ಎತ್ತಿಕೊಂಡರು. ನಮಗೆ ಸಿಕ್ಕಿದ್ದು ಅವರ ಕೈಯಿಂದ. ಅದಕ್ಕೇ ಈ ಗೊಂದಲ.

ಪುಸ್ತಕ ಕೊಳ್ಳಬೇಡಿ. ಒಂದೇ ಕಾರ್ಡ್ ಹಿಡಿದು ದಿನಾ ಅರ್ಧ ಗಂಟೆ ಬರೀ ಧಂ, ಧಂ ಮಾಡಿ. ನಮ್ಮ ಮನೆಯವರು ಮೂರನೇ ದಿನವೇ ನನ್ನ ಕೋಣೆಯ ಬಾಗಿಲು ಹಾಕಿದ್ದರು.