ಮೋಸಂಬಿ ಸುಲಿಯುವ ಕೈಸಾಧನ: ಅಲಗು ಎಷ್ಟಿರಬೇಕು?

ಪ್ರಶ್ನೆ: ವಿಜಯಪುರದಲ್ಲಿ ನನ್ನದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಮೋಸಂಬಿ, ಕಿತ್ತಳೆ ಸುಲಿಯಲು ಒಂದು ಕೈಸಾಧನ ಮಾಡಿದ್ದೇನೆ. ಸಿಪ್ಪೆಯ ಜೊತೆ ತೊಳೆಯೂ ಕೊಯ್ದು ರಸ ಸೋರುತ್ತದೆ. ಪ್ಲಾಸ್ಟಿಕ್ ಹಿಡಿಕೆಯೂ ಬರಬರುತ್ತಾ ಅಂಟಂಟಾಗುತ್ತಿದೆ. ಏನು ಬದಲಿಸಲಿ?

ಉತ್ತರ: ಅಲಗು ಉದ್ದವಾಗಿದೆ, ಅಷ್ಟೇ. ಮೋಸಂಬಿ ಸಿಪ್ಪೆ ಸಾಧಾರಣವಾಗಿ 3ರಿಂದ 5 ಮಿ.ಮೀ. ದಪ್ಪ. ಅಲಗು 2.5 ಮಿ.ಮೀ.ಗಿಂತ ಹೆಚ್ಚು ಹೊರಚಾಚದಿರಲಿ. ಹೊರಪದರು ಸೀಳಿದರೆ ಸಾಕು, ಒಳಗಿನ ಬಿಳಿ ಪದರು ಬೆಂಡಿನಂತೆ ಮೆತ್ತಗಿರುವುದರಿಂದ ಎಳೆದಾಗ ತಾನೇ ಹರಿಯುತ್ತದೆ. ಅಲಗಿನ ಎರಡೂ ಪಕ್ಕ 5-6 ಮಿ.ಮೀ. ಅಗಲದ ತಟ್ಟೆ ಕೊಡಿ. ಅದಿಲ್ಲದಿದ್ದರೆ ಗುಂಡನೆಯ ಹಣ್ಣಿನ ಮೇಲೆ ಸಾಧನ ವಾಲಿ, ಒಂದು ಕಡೆ ಆಳಕ್ಕೆ ಇಳಿಯುತ್ತದೆ.

ಇನ್ನೊಂದು ತುದಿಗೆ ಸಿಪ್ಪೆ ಎಬ್ಬಿಸುವ ನಾಲಿಗೆ ಬೇಕು: 12 ಮಿ.ಮೀ. ಅಗಲ, 40 ಮಿ.ಮೀ. ಉದ್ದ, ಹಣ್ಣಿನ ಮೈಗೆ ಹೊಂದುವ ಬಾಗು. ಇದರ ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಬಹಳ ಮಂದಿ ಇಲ್ಲೂ ಹರಿತ ಇಟ್ಟು ಕೆಡಿಸುತ್ತಾರೆ.

ಹಿಡಿಕೆ ಅಂಟಾಗುವುದು ಸಿಪ್ಪೆಯ ಎಣ್ಣೆಯಿಂದ. ಅದರಲ್ಲಿರುವ ಲಿಮೊನೀನ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಅನ್ನು ಕರಗಿಸುತ್ತದೆ. ನೈಲಾನ್ ಬಳಸಿ, ಇಲ್ಲವೇ ಚೆನ್ನಾಗಿ ಒಣಗಿದ ಸಾಗುವಾನಿ. ಎಣ್ಣೆಗೆ ಕೈ ಜಾರುವುದರಿಂದ ಹೆಬ್ಬೆರಳಿಗೆ ಅಡ್ಡಗೀರುಗಳಿರಲಿ. ಲೋಹದ ಭಾಗ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು. ಸಾದಾ ಕಬ್ಬಿಣ ಹುಳಿಗೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ.

ನಿಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಗೆ ಮಾತ್ರ ಇದನ್ನು ಮಾರಲು ಹೋಗಬೇಡಿ. ಅದರ ತೆಳು ಸಿಪ್ಪೆ ತೊಳೆಗೆ ಅಂಟಿಕೊಂಡೇ ಇರುತ್ತದೆ, ನಾಲಿಗೆ ಒಳಗೆ ಹೋಗುವುದೇ ಇಲ್ಲ.