ಮೂರು ಡಿಶ್, ಒಂದು ಟಿವಿ, ಅಮ್ಮನ ಕೈಗೆ ಒಂದು ರಿಮೋಟ್

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಂಚಿನ ಮನೆ. ಅಂಗಳದಲ್ಲಿ ಅಪ್ಪ ಹಾಕಿಸಿದ 8 ಅಡಿಯ ಜಾಲರಿ ಡಿಶ್ ಇದೆ. ಅದು ಈಗಲೂ 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹಕ್ಕೆ ಮುಖ ಮಾಡಿದೆ. ಪಕ್ಕದಲ್ಲಿ ಡಿಡಿ ಫ್ರೀ ಡಿಶ್, ಅದರಾಚೆ ತಿಂಗಳಿಗೆ ದುಡ್ಡು ಕಟ್ಟುವ ಡಿಶ್. ಮೂರು ಬಾಕ್ಸ್, ಮೂರು ರಿಮೋಟ್. 76 ವರ್ಷದ ಅಮ್ಮನಿಗೆ ಚಂದನ ಹಾಕಿಕೊಡಲೂ ಯಾರಾದರೂ ಬೇಕು. ಮೂರನ್ನೂ ಒಂದೇ ಕೇಬಲ್‌ಗೆ ಸೇರಿಸಬಹುದೇ? ಅಂಗಡಿಯವರು ಕೊಟ್ಟ ಸ್ಪ್ಲಿಟರ್ ಹಾಕಿದೆ. ಇದ್ದ ಚಾನೆಲ್‌ಗಳೂ ಹೋದವು.

ಉತ್ತರ: ಮೊದಲು ಆ ಸ್ಪ್ಲಿಟರ್ ತೆಗೆದುಬಿಡಿ. ಡಿಶ್ ಮುಂದಿರುವ ಎಲ್‌ಎನ್‌ಬಿ ಆಕಾಶದಿಂದ ಬಂದ ಸಿಗ್ನಲ್ಲನ್ನು ಕಡಿಮೆ ಫ್ರೀಕ್ವೆನ್ಸಿಗೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ಎಲ್ಲ ಎಲ್‌ಎನ್‌ಬಿಗಳೂ ಇಳಿಸುವುದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ, 950 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ. ಎರಡು ಡಿಶ್ಶಿನ ಸಿಗ್ನಲ್ ಒಂದೇ ತಂತಿಗೆ ಬಿದ್ದರೆ ಒಂದರ ಮೇಲೊಂದು ಕೂರುತ್ತದೆ, ಬಾಕ್ಸ್‌ಗೆ ಯಾವುದೂ ತಿಳಿಯುವುದಿಲ್ಲ. ನಿಮ್ಮಲ್ಲಿ ಆಗಿದ್ದು ಅದೇ.

ನಿಮಗೆ ಬೇಕಾದದ್ದು ಡೈಸೆಕ್ ಸ್ವಿಚ್. ನಾಲ್ಕು ಡಿಶ್ಶಿನ ಕೇಬಲ್ ಒಳಗೆ ಬರುತ್ತದೆ, ಒಂದು ಕೇಬಲ್ ಹೊರಗೆ ಹೋಗುತ್ತದೆ. ಬಾಕ್ಸ್ ಅದೇ ಕೇಬಲ್‌ನಲ್ಲಿ 22 ಕಿಲೋಹರ್ಟ್ಸ್ ಸಂಕೇತ ಕಳಿಸಿ, ಈಗ ಎರಡನೇ ಪೋರ್ಟ್ ಕೊಡು, ಈಗ ಒಂದನೇದು ಕೊಡು ಅಂತ ಕೇಳುತ್ತದೆ. ಒಂದು ಸಲಕ್ಕೆ ಒಂದೇ ಡಿಶ್ ಒಳಗೆ ಬರುತ್ತದೆ. ಹಾಗಾಗಿ ಜಗಳವಿಲ್ಲ.

ಆದರೆ ಮೂರನ್ನೂ ಸೇರಿಸಬೇಡಿ, ಎರಡನ್ನು ಮಾತ್ರ ಸೇರಿಸಿ. ದುಡ್ಡು ಕಟ್ಟುವ ಡಿಶ್ಶಿನ ಚಾನೆಲ್‌ಗಳಿಗೆ ಬೀಗ ಇರುತ್ತದೆ. ಅದು ತೆರೆಯುವುದು ಅವರದೇ ಬಾಕ್ಸ್‌ನಲ್ಲಿ, ಅವರದೇ ಕಾರ್ಡಿನಿಂದ. ಅದರ ಕೇಬಲ್ ಹಾಗೇ ಇರಲಿ, ಟಿವಿಯ ಇನ್ನೊಂದು ಎಚ್‌ಡಿಎಂಐಗೆ ಹೋಗಲಿ. ಫ್ರೀ ಡಿಶ್ ಮತ್ತು ದೊಡ್ಡ ಡಿಶ್ ಎರಡಕ್ಕೂ ಎಂಪೆಗ್-4 ಎಂಬ ವಿಡಿಯೊ ರೂಪ ಓದುವ ಒಂದು ಫ್ರೀ ಟು ಏರ್ ಬಾಕ್ಸ್, ಅಂದರೆ ಬೀಗವಿಲ್ಲದ ಚಾನೆಲ್ ತೋರಿಸುವ ಬಾಕ್ಸ್, ಸಾಕು.

ಈಗ ದೊಡ್ಡ ಡಿಶ್ ಬಗ್ಗೆ. ಅಪ್ಪ ಹಾಕಿಸಿದ್ದು, ತೆಗೆಯಲು ಮನಸ್ಸು ಬರುವುದಿಲ್ಲ, ಗೊತ್ತು. 83 ಡಿಗ್ರಿಯಲ್ಲಿ ಈಗ ಇರುವುದು 2020ರ ಜನವರಿಯಲ್ಲಿ ಹಾರಿದ ಜಿಸ್ಯಾಟ್-30. ಹಳೆಯ ಇನ್ಸಾಟ್-4ಎ ಜಾಗಕ್ಕೆ ಬಂದದ್ದು. ಜನ ಹೆಚ್ಚು ನೋಡುವ ಕನ್ನಡ ಚಾನೆಲ್‌ಗಳು ಸಿ-ಬ್ಯಾಂಡ್‌ನಲ್ಲೂ, ಅಂದರೆ ಈ ದೊಡ್ಡ ಡಿಶ್ ಹಿಡಿಯುವ ಅಲೆಗಳಲ್ಲೂ, ಬಹುಪಾಲು ಬೀಗ ಹಾಕಿಕೊಂಡಿವೆ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆದರೂ ನಾನು ಅದನ್ನು ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ, ಕಾರಣ ನಿಮ್ಮೂರಿನ ಮಳೆ. ಫ್ರೀ ಡಿಶ್ ಬರುವ ಕು-ಬ್ಯಾಂಡ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸಿ-ಬ್ಯಾಂಡ್ ಅಲೆ ಸುಮಾರು ಏಳೂವರೆ ಸೆಂಟಿಮೀಟರ್. ಆಷಾಢದ ಜಡಿಮಳೆಗೆ ಚಿಕ್ಕ ಅಲೆ ಸೊರಗುತ್ತದೆ, ದೊಡ್ಡದು ದಾಟಿ ಬರುತ್ತದೆ. ಎರಡು ದಿನ ಮನೆಯಿಂದ ಹೊರಬರಲಾಗದ ಮಳೆಯಲ್ಲಿ ನಾಲ್ಕು ಚಾನೆಲ್ ಬಂದರೂ ಅದು ದೊಡ್ಡದೇ, ಅಲ್ವಾ? ಒಂದು ಎಚ್ಚರ: ಆ ಜಾಲರಿಗೆ ಕು-ಬ್ಯಾಂಡ್ ಎಲ್‌ಎನ್‌ಬಿ ಕಟ್ಟಬೇಡಿ. ಅಷ್ಟು ಚಿಕ್ಕ ಅಲೆ ಜಾಲರಿಯ ತೂತಿನಲ್ಲೇ ಸೋರಿಹೋಗುತ್ತದೆ.

ಜೋಡಿಸುವಾಗ ಬಾಕ್ಸಿನ ಪ್ಲಗ್ ಕಿತ್ತಿರಿ. ಕೇಬಲ್‌ನಲ್ಲಿ 13 ಅಥವಾ 18 ವೋಲ್ಟ್ ಹರಿಯುತ್ತಿರುತ್ತದೆ. ನಡುವಿನ ತಂತಿ ಹೊರಕವಚಕ್ಕೆ ತಾಗಿದರೆ ಬಾಕ್ಸ್ ಸುಡಬಹುದು. ಫ್ರೀ ಡಿಶ್ಶನ್ನು 1ನೇ ಪೋರ್ಟಿಗೆ, ದೊಡ್ಡದನ್ನು 2ನೇದಕ್ಕೆ ಹಾಕಿ. ಮೆನುವಿನಲ್ಲಿ ಫ್ರೀ ಡಿಶ್‌ಗೆ ಎಲ್‌ಎನ್‌ಬಿ 9750/10600, ದೊಡ್ಡದಕ್ಕೆ 5150 ಅಂತ ಆರಿಸಿ, ಪೋರ್ಟ್ ನಂಬರನ್ನೂ ಹೇಳಿ. ಇದೊಂದನ್ನು ಮರೆತು ದಿನವಿಡೀ ಡಿಶ್ ತಿರುಗಿಸುವವರನ್ನು ಎಷ್ಟೋ ನೋಡಿದ್ದೇನೆ. ಮೊದಲು ಒಂದನೇದು ಬರಲಿ, ಆಮೇಲೆ ಎರಡನೇದು.

ಫ್ರೀ ಡಿಶ್ ಬರುವುದು 93.5 ಡಿಗ್ರಿಯ ಜಿಸ್ಯಾಟ್-15ರಿಂದ. ಈ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ದೊಡ್ಡ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಅದನ್ನು ನೆನೆದಾಗೆಲ್ಲ ನನಗೆ ಖುಷಿ. ಶಿರಸಿಯಲ್ಲಿ ನಿಂತರೆ ಫ್ರೀ ಡಿಶ್ಶಿನ ಉಪಗ್ರಹ ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದರೆ 127 ಡಿಗ್ರಿ ದಿಕ್ಕಿನಲ್ಲಿ, 62 ಡಿಗ್ರಿ ಎತ್ತರದಲ್ಲಿದೆ. ಚಿಕ್ಕ ಡಿಶ್ ನೋಡಿದರೆ ಮುಖ ಅಷ್ಟು ಎತ್ತಿದಂತೆ ಕಾಣುವುದಿಲ್ಲ. ಅದರ ರಚನೆಯೇ ಹಾಗೆ, ಮುಖ ತೋರುವುದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಕ್ಕೆ ಅದರ ನೋಟ. ಕಂಬ ಮಾತ್ರ ತೂಗುಗುಂಡಿಗೆ ನೇರ ಇರಬೇಕು. ಕಂಬ ವಾಲಿದ್ದರೆ ಈ ಲೆಕ್ಕ ಯಾವುದೂ ಕೂಡಿಬರುವುದಿಲ್ಲ.

ಸ್ವಿಚ್ಚನ್ನು ಮಳೆಗೆ ಬಿಡಬೇಡಿ, ಸೂರಿನಡಿ ಕಟ್ಟಿ. ಕೇಬಲ್ ಜೋಡಣೆಗೆ ಬರೀ ಇನ್ಸುಲೇಶನ್ ಟೇಪ್ ಸಾಲದು. ಸ್ವಂತ ಮನೆಯಲ್ಲಿ ಒಂದು ಮಳೆಗಾಲ ಅರ್ಧ ಚಾನೆಲ್ ಮಾಯವಾದಾಗ ನಾನು ಎರಡು ದಿನ ಡಿಶ್ ತಿರುಗಿಸಿದೆ, ಎಲ್‌ಎನ್‌ಬಿಯನ್ನೂ ಬದಲಿಸಿದೆ. ಕೊನೆಗೆ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ನೀರು. ಬಾಕ್ಸ್ 18 ವೋಲ್ಟ್ ಕೊಡುತ್ತಿತ್ತು, ಮೇಲೆ ಅಷ್ಟು ತಲುಪುತ್ತಿರಲಿಲ್ಲ. ಆ ವೋಲ್ಟಿನಲ್ಲಿ ಬರುವ ಚಾನೆಲ್‌ಗಳು ಮಾತ್ರ ಹೋಗಿದ್ದವು. ಈಗ ಸಿಲಿಕಾನ್ ಬಳಿದು, ಕನೆಕ್ಟರ್‌ಗಿಂತ ಕೆಳಗೆ ಕೇಬಲ್ಲನ್ನು ಒಮ್ಮೆ ಬಾಗಿಸಿ ಬಿಡುತ್ತೇನೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಎಲ್ಲ ಬಂದ ಮೇಲೆ ಅಮ್ಮನಿಗಾಗಿ ಒಂದು ಕೆಲಸ ಮಾಡಿ. ಬಾಕ್ಸಿನ ಫೇವರಿಟ್ ಪಟ್ಟಿಯಲ್ಲಿ ಚಂದನವನ್ನು ಮೊದಲಿಗೆ ಇಡಿ. ಅವರು ನೋಡುವ ಇನ್ನು ನಾಲ್ಕೈದು ಚಾನೆಲ್ ಸೇರಿಸಿ, ಮಿಕ್ಕಿದ್ದನ್ನು ಆ ಪಟ್ಟಿಗೆ ತರಬೇಡಿ. ರಿಮೋಟ್‌ನಲ್ಲಿ ಅವರು ಒತ್ತಬೇಕಾದ ಗುಂಡಿಗಳಿಗೆ ಬಣ್ಣದ ಚುಕ್ಕೆ ಅಂಟಿಸಿ. ಪಕ್ಕದಲ್ಲಿ ಕೂತು ಅವರ ಬೆರಳಿನಿಂದಲೇ ಹತ್ತು ಸಲ ಒತ್ತಿಸಿ. ನೀವೇ ಒತ್ತಿ ತೋರಿಸಿದರೆ ನಾಳೆಗೆ ಮರೆತುಹೋಗುತ್ತದೆ.

ಪ್ರಶ್ನೆ: ದುಡ್ಡು ಕಟ್ಟದೆ ಬೀಗದ ಚಾನೆಲ್ ತೆರೆಯುವ ಬಾಕ್ಸ್ ಇದೆ ಅನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಅದು ಕಾನೂನಿಗೆ ವಿರುದ್ಧ.

ಪ್ರಶ್ನೆ: ಸಿದ್ದಾಪುರದ ನಮ್ಮ ಮನೆಯಲ್ಲಿ ಸೆಪ್ಟೆಂಬರ್ ಕೊನೆಗೆ ಬಿಸಿಲಿದ್ದರೂ ನಾಲ್ಕೈದು ದಿನ ಬೆಳಿಗ್ಗೆ 11ರ ಹೊತ್ತಿಗೆ ಫ್ರೀ ಡಿಶ್ ಚಿತ್ರ ಒಡೆಯಿತು. ಅಡಿಕೆ ಮರ ಅಡ್ಡ ಬಂದಿದೆಯೇ?

ಉತ್ತರ: ಮರ ಅಡ್ಡವಿದ್ದರೆ ಐದು ದಿನಕ್ಕೆ ಸರಿಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ದನಿ ಕೇಳಿಸುವುದಿಲ್ಲ. ದಿನಕ್ಕೆ ಕೆಲವು ನಿಮಿಷ ಅಷ್ಟೇ. ಮಾರ್ಚ್ ಮಧ್ಯದಲ್ಲೂ ಹೀಗೇ ಆಗುತ್ತದೆ.

ಇದನ್ನೇ ನೀವು ಉಪಯೋಗಕ್ಕೆ ತಂದುಕೊಳ್ಳಬಹುದು. ಮುಂದಿನ ಸಲ ಚಿತ್ರ ಒಡೆಯುವ ಹೊತ್ತಿಗೆ ಅಂಗಳಕ್ಕೆ ಹೋಗಿ ಡಿಶ್ಶಿನ ಮುಖ ನೋಡಿ. ಆಗ ಬಿಸಿಲು ಬರುತ್ತಿರುವುದು ಉಪಗ್ರಹ ಇರುವ ಕಡೆಯಿಂದಲೇ. ಮುಖದ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದಿದ್ದರೆ ಸಿಗ್ನಲ್‌ಗೂ ಅಲ್ಲೇ ಅಡ್ಡ. ಎಲ್ಲಿಯವರೆಗೆ ನೆರಳಿದೆ ಅಂತ ನೆಲದಲ್ಲಿ ಒಂದು ಗೂಟ ಹೊಡೆದು ಗುರುತು ಮಾಡಿ. ಕಂಬ ಆ ಗೂಟದಿಂದ ಆಚೆಗೆ, ಮರ ವರ್ಷ ವರ್ಷ ಬೆಳೆಯುವುದನ್ನೂ ಲೆಕ್ಕ ಹಿಡಿದು ಇನ್ನೊಂದೆರಡು ಮಾರು ದೂರಕ್ಕೆ ಹೋಗಲಿ.